ಇಂಗ್ಲೆಂಡಿನ ಖಾಸಗಿ ಆರೋಗ್ಯ ವಿಮೆ: ಬಿಪಿ ಮಾತ್ರೆಯ ವಿಷಯ ಬರೆಯಬೇಕೆ, ಬೇಡವೇ?

ಪ್ರಶ್ನೆ: ನಾವು ಹಾಸನದವರು. ನನ್ನ ಪತಿಗೆ ಇಂಗ್ಲೆಂಡಿನ ರೆಡಿಂಗ್ ನಗರದಲ್ಲಿ ಕೆಲಸ ಸಿಕ್ಕಿದೆ. ಮೂರು ವರ್ಷದ ವೀಸಾ. ನಮ್ಮಿಬ್ಬರಿಗೂ ಆರು ವರ್ಷದ ಮಗಳಿಗೂ ಸೇರಿ ಆರೋಗ್ಯ ಶುಲ್ಕವೆಂದೇ ಹತ್ತು ಲಕ್ಷದ ಹತ್ತಿರ ಕಟ್ಟಿದ್ದೇವೆ. ಈಗ ಕಂಪನಿಯವರು ಖಾಸಗಿ ವೈದ್ಯಕೀಯ ವಿಮೆಯ ಫಾರಂ ಕಳುಹಿಸಿದ್ದಾರೆ. ಒಂದು ಕಟ್ಟಿದ ಮೇಲೆ ಇನ್ನೊಂದು ಯಾಕೆ? ಕಳೆದ ವರ್ಷ ಇಲ್ಲಿ ಹೃದಯಾಘಾತದ ಗದ್ದಲ ಎದ್ದಾಗ ಪತಿ ಹೆದರಿ ಪರೀಕ್ಷೆ ಮಾಡಿಸಿಕೊಂಡರು. ಹೃದಯ ಚೆನ್ನಾಗಿದೆ ಎಂದರು, ಆದರೆ ಬಿಪಿಗೆ ಮತ್ತು ಕೊಲೆಸ್ಟ್ರಾಲಿಗೆ ಮಾತ್ರೆ ಶುರುವಾಯಿತು. ‘ಫಾರಂನಲ್ಲಿ ಅದನ್ನೆಲ್ಲ ಬರೆಯಬೇಡಿ, ವಿಮೆ ಕೈತಪ್ಪುತ್ತದೆ’ ಎಂದು ಅಲ್ಲಿರುವ ಸ್ನೇಹಿತರು ಹೇಳುತ್ತಾರೆ. ನನಗೆ ಥೈರಾಯ್ಡ್ ಇದೆ, ಎರಡನೇ ಮಗುವಿನ ಯೋಚನೆಯೂ ಇದೆ. ಅತ್ತೆ ಮಾವ ಬೇಸಿಗೆಯಲ್ಲಿ ನಾಲ್ಕು ತಿಂಗಳು ಬಂದಿರುತ್ತಾರೆ, ಮಾವನಿಗೆ 71, ಸಕ್ಕರೆ ಕಾಯಿಲೆ. ಇಲ್ಲಿನ ನಮ್ಮ ಆರೋಗ್ಯ ಪಾಲಿಸಿಯನ್ನು ನಿಲ್ಲಿಸಬಹುದೇ?

ಉತ್ತರ: ಮೊದಲು ಒಂದು ಮಾತು. ಆ ಫಾರಂ ಅನ್ನು ಇವತ್ತೇ ಕಳುಹಿಸಬೇಡಿ.

ಇಂಗ್ಲೆಂಡಿನ ವಿಮಾ ಕಂಪನಿಯೊಂದರ ಕ್ಲೇಮ್ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ, ಈಗ ಆಲೂರಿನ ಹತ್ತಿರ ನಾಲ್ಕು ಎಕರೆ ಕಾಫಿ ನೋಡಿಕೊಂಡಿದ್ದೇನೆ. ಇಂಥ ಫಾರಂಗಳಿಗೆ ಎರಡು ಜನ್ಮ. ನೀವು ಅವಸರದಲ್ಲಿ ತುಂಬಿ ಕಳುಹಿಸುವುದು ಮೊದಲನೆಯದು. ಮೂರು ವರ್ಷದ ಮೇಲೆ ದೊಡ್ಡ ಬಿಲ್ಲೊಂದು ಬಂದ ದಿನ ನನ್ನಂಥವರು ಅದನ್ನು ಹೊರತೆಗೆದು ಒಂದೊಂದೇ ಸಾಲು ಓದುವುದು ಎರಡನೆಯದು. ನಿಮ್ಮ ಸ್ನೇಹಿತರಿಗೆ ಗೊತ್ತಿರುವುದು ಮೊದಲನೆಯದು ಮಾತ್ರ.

ಆದರೆ ಬಿಪಿಯ ಪ್ರಶ್ನೆಗೆ ಉತ್ತರ ಸರಿಯಾಗಿ ಅರ್ಥವಾಗಬೇಕಾದರೆ ಎರಡೆರಡು ವಿಮೆ ಯಾಕೆ ಎಂಬುದರಿಂದಲೇ ಶುರು ಮಾಡಬೇಕು.

ವೀಸಾ ಜೊತೆ ನೀವು ಕಟ್ಟಿದ್ದು ವಿಮೆಯಲ್ಲ. ಅದರ ಹೆಸರು ಇಮಿಗ್ರೇಷನ್ ಹೆಲ್ತ್ ಸರ್‌ಚಾರ್ಜ್. 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಹದಿನೆಂಟರೊಳಗಿನವರಿಗೆ 776 ಪೌಂಡ್. ವೀಸಾದ ಅಷ್ಟೂ ವರ್ಷದ್ದನ್ನು ಮುಂಗಡವಾಗಿ ವಸೂಲು ಮಾಡುತ್ತಾರೆ. ನಿಮ್ಮ ಮೂವರದು ಮೂರು ವರ್ಷಕ್ಕೆ 8,538 ಪೌಂಡ್ ಆಗುತ್ತದೆ, ಹತ್ತು ಲಕ್ಷದ ಲೆಕ್ಕ ಸರಿಯಾಗಿಯೇ ಇದೆ. ಇದನ್ನು ಕಟ್ಟಿದವರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಹೆಚ್ಚುಕಡಿಮೆ ಅಲ್ಲಿಯ ನಿವಾಸಿಗಳಿಗೆ ಸಿಗುವಂತೆಯೇ ಸಿಗುತ್ತದೆ. ಹಳೆಯ ಕಾಯಿಲೆ ಇದೆಯೇ ಎಂದು ಕೇಳುವವರಿಲ್ಲ, ಕಾಯುವ ಅವಧಿ ಇಲ್ಲ, ಇಷ್ಟು ಲಕ್ಷದವರೆಗೆ ಎಂಬ ಮಿತಿಯೂ ಇಲ್ಲ. ನಮ್ಮ ಜನ ಇದನ್ನು ದಂಡ ಎಂದು ಬೈದುಕೊಂಡು ಕಟ್ಟುತ್ತಾರೆ. ನಿಮ್ಮ ಕೈಯಲ್ಲಿರುವ ಎರಡು ರಕ್ಷಣೆಗಳಲ್ಲಿ ದೊಡ್ಡದು ಅದೇ.

ಹಾಗಾದರೆ ಖಾಸಗಿ ವಿಮೆ ಯಾವುದಕ್ಕೆ? ಹಾಸನದವರಿಗೆ ಇದನ್ನು ಹೇಳುವುದು ಸುಲಭ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಧರ್ಮದರ್ಶನದ ಸಾಲು ಎಲ್ಲಿಂದ ಶುರುವಾಗುತ್ತದೆ ಎಂದು ನಿಮಗೆ ಗೊತ್ತು. ಪಕ್ಕದಲ್ಲಿ 300 ರೂಪಾಯಿಯ ಸಾಲು, ಅದರಾಚೆ 1,000 ರೂಪಾಯಿಯ ಸಾಲು. ಒಳಗಿರುವ ದೇವಿ ಒಬ್ಬಳೇ. ಇಂಗ್ಲೆಂಡಿನ ಖಾಸಗಿ ವಿಮೆ ಆ ಸಾವಿರ ರೂಪಾಯಿಯ ಚೀಟಿ. ಬಹಳ ಸಲ ವೈದ್ಯರೂ ಅವರೇ ಆಗಿರುತ್ತಾರೆ: ಸೋಮವಾರ ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ ಕಾಣುವ ಮೂಳೆ ತಜ್ಞರು ಗುರುವಾರ ಸಂಜೆ ಖಾಸಗಿ ಆಸ್ಪತ್ರೆಯಲ್ಲಿ ಕುಳಿತಿರುತ್ತಾರೆ. ನಿಮ್ಮ ಚೀಟಿ ಕೊಳ್ಳುವುದು ಸಮಯವನ್ನು, ಜೊತೆಗೆ ಒಂದು ಪ್ರತ್ಯೇಕ ಕೋಣೆಯನ್ನು. ತುರ್ತಲ್ಲದ ಚಿಕಿತ್ಸೆ 18 ವಾರದೊಳಗೆ ಶುರುವಾಗಬೇಕು ಎಂಬುದು ಎನ್‌ಎಚ್‌ಎಸ್ ತನಗೆ ತಾನೇ ಹಾಕಿಕೊಂಡ ಗೆರೆ. ಎಷ್ಟೋ ವರ್ಷಗಳಿಂದ ಆ ಗೆರೆಯನ್ನು ಮುಟ್ಟಲು ಅದಕ್ಕೆ ಆಗಿಲ್ಲ. ಇಂಗ್ಲೆಂಡಿನಲ್ಲಿ ಕಾಯುತ್ತಿರುವ ಚಿಕಿತ್ಸೆಗಳ ಪಟ್ಟಿ 70 ಲಕ್ಷ ದಾಟಿದ್ದನ್ನು ನಾನು ಅಲ್ಲಿದ್ದಾಗಲೇ ನೋಡಿದೆ. ಮಂಡಿ, ಭುಜ, ಹರ್ನಿಯಾ, ಕಣ್ಣಿನ ಪೊರೆ, ಪಿತ್ತಕೋಶದ ಕಲ್ಲು, ಇವುಗಳಲ್ಲಿ ಖಾಸಗಿ ವಿಮೆಗೆ ನಿಜವಾದ ಬೆಲೆ ಇದೆ. ಕ್ಯಾನ್ಸರ್‌ಗೂ ಒಳ್ಳೆಯ ಪಾಲಿಸಿಗಳು ಸಾಕಷ್ಟು ಕೊಡುತ್ತವೆ, ಆ ಭಾಗವನ್ನು ಮಾತ್ರ ಎರಡು ಸಲ ಓದಿ.

ಇನ್ನು ಚೀಟಿ ನಡೆಯದ ಜಾಗಗಳು. ಮೂರಿವೆ. ನಿಮ್ಮ ಪತ್ರದಲ್ಲಿರುವ ಚಿಂತೆಗಳು ಮೂರೂ ಅಲ್ಲೇ ಬಂದು ಬೀಳುತ್ತವೆ, ಅದೇ ವಿಚಿತ್ರ.

ಒಂದು, ತುರ್ತು. 2025ರ ಜೂನ್, ಜುಲೈ ನನಗೂ ನೆನಪಿದೆ. ದಿನಕ್ಕೊಂದು ಸಾವಿನ ಸುದ್ದಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ನಮ್ಮ ಜಿಲ್ಲೆಯವರ ಸಾಲು. ಅಸಹಜವಾದ ಏರಿಕೆಯೇನೂ ಇಲ್ಲ ಎಂದು ತಜ್ಞರ ಸಮಿತಿ ಆಮೇಲೆ ಹೇಳಿತು, ಅಷ್ಟು ಹೊತ್ತಿಗೆ ಹೆದರಿಕೆ ತನ್ನ ಕೆಲಸ ಮುಗಿಸಿತ್ತು. ನಿಮ್ಮ ಪತಿಯ ಮನಸ್ಸಿನಲ್ಲಿರುವುದು ಆ ಹೆದರಿಕೆ. ಆದರೆ ರೆಡಿಂಗ್‌ನಲ್ಲಿ ನಡುರಾತ್ರಿ ಎದೆ ಹಿಡಿದುಕೊಂಡರೆ ಖಾಸಗಿ ಕಾರ್ಡ್ ಹುಡುಕುತ್ತಾ ಕೂರಬಾರದು. 999ಕ್ಕೆ ಕರೆ ಮಾಡಬೇಕು. ಆಂಬ್ಯುಲೆನ್ಸ್ ಎನ್‌ಎಚ್‌ಎಸ್‌ನದು, ಕರೆದೊಯ್ಯುವುದು ಎನ್‌ಎಚ್‌ಎಸ್ ಆಸ್ಪತ್ರೆಗೆ, ಹಣ ಕೇಳುವವರಿಲ್ಲ. ಅಲ್ಲಿನ ಬಹುತೇಕ ಖಾಸಗಿ ಆಸ್ಪತ್ರೆಗಳಿಗೆ ತುರ್ತು ವಿಭಾಗವೇ ಇಲ್ಲ. ಹಾಸನದ ನರ್ಸಿಂಗ್ ಹೋಮ್‌ನಲ್ಲಿ ಸ್ಟ್ರೆಚರ್ ಒಳಗೆ ಬರುವ ಮೊದಲೇ ‘ಇನ್ಶೂರೆನ್ಸ್ ಇದೆಯೇ’ ಎಂದು ಕೇಳಿಸಿಕೊಂಡು ಬೆಳೆದ ನಮಗೆ ಇದು ಒಗ್ಗಲು ಸ್ವಲ್ಪ ಕಾಲ ಬೇಕು. ಜೀವಕ್ಕೆ ಅಪಾಯವಿಲ್ಲ, ಆದರೆ ಏನು ಮಾಡಬೇಕೆಂದು ತೋಚುತ್ತಿಲ್ಲ ಎಂದಾಗ 111.

ಎರಡು, ಬಿಡದೆ ಕಾಡುವ ಕಾಯಿಲೆ. ಅಲ್ಲಿನ ಪಾಲಿಸಿಗಳು ಕಾಯಿಲೆಯನ್ನು ಅಕ್ಯೂಟ್ ಮತ್ತು ಕ್ರಾನಿಕ್ ಎಂದು ಎರಡು ಬುಟ್ಟಿಗೆ ಹಾಕುತ್ತವೆ. ಚಿಕಿತ್ಸೆ ಕೊಟ್ಟರೆ ಬೇಗ ಗುಣವಾಗಿ ಮೊದಲಿದ್ದ ಸ್ಥಿತಿಗೆ ಮರಳುವಂಥದ್ದು ಅಕ್ಯೂಟ್, ಅದಕ್ಕೆ ವಿಮೆ ಇದೆ. ಬಿಪಿ, ಸಕ್ಕರೆ, ಥೈರಾಯ್ಡ್, ಆಸ್ತಮಾ ಹೀಗೆ ನಿಭಾಯಿಸಿಕೊಂಡು ಹೋಗಬೇಕಾದದ್ದು ಕ್ರಾನಿಕ್, ಅದಕ್ಕೆ ಇಲ್ಲ. ಪಾಲಿಸಿ ಶುರುವಾದ ಮೇಲೆ ಬಂದ ಸಕ್ಕರೆ ಕಾಯಿಲೆಯಾದರೂ ಸರಿ, ಅದು ಸಕ್ಕರೆ ಕಾಯಿಲೆ ಎಂದು ಪತ್ತೆಯಾಗುವವರೆಗಿನ ಪರೀಕ್ಷೆಗಳಿಗೆ ಹಣ ಬರಬಹುದು, ಆಮೇಲೆ ನಿಮ್ಮನ್ನು ಎನ್‌ಎಚ್‌ಎಸ್‌ಗೆ ಒಪ್ಪಿಸುತ್ತಾರೆ. ಭಾರತದ ಪಾಲಿಸಿಯಲ್ಲಿ ‘ಮೂರು ವರ್ಷ ಕಾದರೆ ಬಿಪಿಗೂ ರಕ್ಷಣೆ’ ಎಂಬ ಲೆಕ್ಕವಿದೆಯಲ್ಲ, ಅದನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ.

ಮೂರು, ಹೆರಿಗೆ. ಸಹಜ ಗರ್ಭಧಾರಣೆ, ಹೆರಿಗೆ ಖಾಸಗಿ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಕೆಲವು ತೊಡಕುಗಳಿಗೆ ಮಾತ್ರ ಇರುತ್ತದೆ. ಎನ್‌ಎಚ್‌ಎಸ್‌ನಲ್ಲಿ ಪೂರ್ತಿ ಇದೆ, ಸರ್‌ಚಾರ್ಜ್ ಕಟ್ಟಿದ್ದರಿಂದ ನಿಮಗೆ ಖರ್ಚಿಲ್ಲ. ಅಲ್ಲಿ ಹೆರಿಗೆಯ ಯಜಮಾನಿಕೆ ಸೂಲಗಿತ್ತಿಯದು, ಅಂದರೆ ತರಬೇತಿ ಪಡೆದ ಮಿಡ್‌ವೈಫ್‌ನದು. ತೊಂದರೆ ಇದ್ದರೆ ಮಾತ್ರ ದೊಡ್ಡ ಡಾಕ್ಟರ್ ಮುಖ ಕಾಣುತ್ತದೆ. ತಿಂಗಳಿಗೊಂದು ಸ್ಕ್ಯಾನ್ ಎಂಬ ನಮ್ಮೂರಿನ ಪದ್ಧತಿ ನೆನಸಿಕೊಂಡು ‘ಇವರು ಏನೂ ನೋಡುತ್ತಿಲ್ಲ’ ಎಂದು ಗಾಬರಿಯಾಗಬೇಡಿ. ಗರ್ಭ ನಿಂತ ಕೂಡಲೇ ಥೈರಾಯ್ಡ್ ವಿಷಯವನ್ನು ಮಾತ್ರ ಜಿಪಿಗೆ, ಅಂದರೆ ನೀವು ಹೆಸರು ನೋಂದಾಯಿಸಿಕೊಂಡಿರುವ ಎನ್‌ಎಚ್‌ಎಸ್ ಕ್ಲಿನಿಕ್ಕಿನ ಸಾಮಾನ್ಯ ವೈದ್ಯರಿಗೆ ತಿಳಿಸಿ, ಆ ಸಮಯದಲ್ಲಿ ಮಾತ್ರೆಯ ಪ್ರಮಾಣ ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ.

ಥೈರಾಯ್ಡಿನ ಮಾತು ಬಂತಲ್ಲ, ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಲಾಭ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ವೈದ್ಯರು ಬರೆದ ಪ್ರತಿ ಔಷಧಕ್ಕೂ 9.90 ಪೌಂಡ್ ಕೊಡಬೇಕು. ಆದರೆ ಥೈರಾಯ್ಡ್ ಹಾರ್ಮೋನ್ ಕಡಿಮೆಯಿದ್ದು ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ವಿನಾಯಿತಿ ಪತ್ರ ಸಿಗುತ್ತದೆ. ಅದಿದ್ದರೆ ಥೈರಾಯ್ಡ್ ಮಾತ್ರೆಯಷ್ಟೇ ಅಲ್ಲ, ಎಲ್ಲ ಔಷಧವೂ ಉಚಿತ. ಜಿಪಿ ಕ್ಲಿನಿಕ್ಕಿನಲ್ಲಿ ಕೇಳಿ, ಅವರಾಗಿಯೇ ಹೇಳುವುದಿಲ್ಲ. ಪತಿಯ ಬಿಪಿಗೆ ಈ ಭಾಗ್ಯವಿಲ್ಲ.

ಈಗ ಫಾರಂಗೆ ಬರೋಣ.

ಮೇಲೆ ಹೇಳಿದ್ದನ್ನು ಇಟ್ಟುಕೊಂಡು ಯೋಚಿಸಿ ನೋಡಿ. ಬಿಪಿ ಕ್ರಾನಿಕ್, ಬರೆದರೂ ಬರೆಯದಿದ್ದರೂ ಖಾಸಗಿ ವಿಮೆ ಅದಕ್ಕೆ ಹಣ ಕೊಡುವುದಿಲ್ಲ. ಮಾತ್ರೆ ಎನ್‌ಎಚ್‌ಎಸ್‌ನಿಂದ ಬರುತ್ತದೆ. ಎದೆನೋವಿನ ರಾತ್ರಿಗೂ ಎನ್‌ಎಚ್‌ಎಸ್ ಇದೆ. ಹಾಗಿದ್ದ ಮೇಲೆ ಮುಚ್ಚಿಟ್ಟು ಉಳಿಸಿಕೊಳ್ಳುವುದಾದರೂ ಏನನ್ನು? ಏನೂ ಇಲ್ಲ. ಕಳೆದುಕೊಳ್ಳುವುದು ಮಾತ್ರ ಇದೆ.

ಅದು ಹೇಗೆ ನಡೆಯುತ್ತದೆ ಎಂಬುದನ್ನು ನನ್ನ ಮೇಜಿನ ಮೇಲೆ ಬಂದ ಒಂದು ಕಡತದಿಂದ ಹೇಳುತ್ತೇನೆ. ದಕ್ಷಿಣ ಭಾರತದವರೇ, ನಲವತ್ತರ ಆಸುಪಾಸು. ಫಾರಂನಲ್ಲಿ ‘ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಔಷಧ ತೆಗೆದುಕೊಂಡಿದ್ದೀರಾ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕಿದ್ದರು. ಮುಂದೆ ಹೃದಯಕ್ಕೆ ಸಂಬಂಧಿಸಿದ ಒಂದು ಯೋಜಿತ ಚಿಕಿತ್ಸೆಗೆ ಕ್ಲೇಮ್ ಬಂತು. ಇಂಥ ಕ್ಲೇಮ್ ಬಂದಾಗ ವಿಮಾ ಕಂಪನಿ ಪಾಲಿಸಿದಾರರ ಒಪ್ಪಿಗೆ ಪಡೆದು ಜಿಪಿಯಿಂದ ವರದಿ ತರಿಸಿಕೊಳ್ಳುತ್ತದೆ. ವರದಿಯ ಎರಡನೇ ಪುಟದಲ್ಲಿ ಒಂದು ಸಾಲಿತ್ತು: ಹೊಸ ರೋಗಿಯ ನೋಂದಣಿ, ಮೂರು ವರ್ಷದಿಂದ ಬಿಪಿ ಮಾತ್ರೆ, ಭಾರತದಲ್ಲಿ ಶುರುವಾದದ್ದು, ತಂದೆಗೆ 52ರಲ್ಲಿ ಹೃದಯಾಘಾತ. ಬರೆದುಕೊಂಡವರು ಕ್ಲಿನಿಕ್ಕಿನ ನರ್ಸ್, ಹೇಳಿದವರು ಸ್ವತಃ ಅವರೇ. ಫಾರಂನಲ್ಲಿ ‘ಇಲ್ಲ’ ಎಂದು ಬರೆದ ಮೂರನೇ ವಾರಕ್ಕೆ ನರ್ಸಿನ ಎದುರು ಕುಳಿತು ಎಲ್ಲವನ್ನೂ ಒಪ್ಪಿಸಿದ್ದರು. ಹೇಳಲೇಬೇಕಲ್ಲ, ಇಲ್ಲದಿದ್ದರೆ ಮಾತ್ರೆ ಸಿಗುವುದಿಲ್ಲ. ಇಲ್ಲಿ ಹಾಸನದ ಒಂದು ಕ್ಲಿನಿಕ್ಕಿನ ಚೀಟಿಗೂ ಬೆಂಗಳೂರಿನ ವಿಮಾ ಕಚೇರಿಗೂ ಸಂಬಂಧವಿರುವುದಿಲ್ಲ. ಅಲ್ಲಿ ನಿಮ್ಮ ಆರೋಗ್ಯದ ಚರಿತ್ರೆಯೆಲ್ಲ ಜಿಪಿಯ ಬಳಿ ಒಂದೇ ಕಡತದಲ್ಲಿ, ತಾರೀಕಿನ ಸಮೇತ ಇರುತ್ತದೆ. ಎಷ್ಟು ದೂರ ಹೋದರೂ ಅದು ಹಿಂದೆಯೇ ಬರುತ್ತದೆ.

ಆ ಕ್ಲೇಮ್ ತಿರಸ್ಕಾರವಾಯಿತು. ಪತ್ರಕ್ಕೆ ಸಹಿ ಹಾಕಿದ್ದು ನಾನೇ, ಖುಷಿಯಿಂದ ಹಾಕಲಿಲ್ಲ. ಪಾಲಿಸಿಯೇ ರದ್ದಾದ್ದರಿಂದ ಆ ವರ್ಷ ಅವರ ಹೆಂಡತಿಯ ಮಂಡಿ ಶಸ್ತ್ರಚಿಕಿತ್ಸೆಯೂ ನಿಂತಿತು.

ಅಲ್ಲಿನ 2012ರ ಗ್ರಾಹಕ ವಿಮಾ ಕಾನೂನು ಇದರಲ್ಲಿ ತಕ್ಕಮಟ್ಟಿಗೆ ನ್ಯಾಯವಾಗಿಯೇ ಇದೆ. ಕೇಳದ್ದನ್ನು ನೀವಾಗಿ ಹೇಳಬೇಕಿಲ್ಲ. ಕೇಳಿದ್ದಕ್ಕೆ ಎಚ್ಚರದಿಂದ, ನಿಜ ಹೇಳಬೇಕು. ಅಜಾಗರೂಕತೆಯಿಂದ ತಪ್ಪಾದರೆ, ನಿಜ ಗೊತ್ತಿದ್ದರೆ ಕಂಪನಿ ಏನು ಮಾಡುತ್ತಿತ್ತೋ ಅದಕ್ಕೆ ತಕ್ಕಷ್ಟು ಕಡಿತವಾಗಬಹುದು. ಬೇಕೆಂದೇ ಸುಳ್ಳು ಹೇಳಿದ್ದರೆ ಪಾಲಿಸಿಯನ್ನೇ ಇಲ್ಲವೆಂದು ಮಾಡಿ ಕಂತನ್ನೂ ಇಟ್ಟುಕೊಳ್ಳಬಹುದು. ‘ಸ್ನೇಹಿತರು ಬರೆಯಬೇಡಿ ಎಂದರು’ ಎಂಬುದು ಯಾವ ಬುಟ್ಟಿಗೆ ಬೀಳುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಮಾಷೆ. ನಿಮ್ಮ ಫಾರಂನಲ್ಲಿ ಆ ಪ್ರಶ್ನೆಯೇ ಇಲ್ಲದಿರಬಹುದು! ಅದಕ್ಕೇ ಕಳುಹಿಸಬೇಡಿ ಎಂದದ್ದು. ಮೊದಲು ಪತಿಯ ಕಂಪನಿಯ ಸಿಬ್ಬಂದಿ ವಿಭಾಗಕ್ಕೆ ಒಂದೇ ಸಾಲಿನ ಮೇಲ್ ಬರೆದು ‘ಅಂಡರ್‌ರೈಟಿಂಗ್ ಯಾವ ಬಗೆಯದು’ ಎಂದು ಕೇಳಿ. ಹಳೆಯ ಕಾಯಿಲೆಗಳನ್ನು ವಿಮಾ ಕಂಪನಿ ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂಬುದೇ ಅಂಡರ್‌ರೈಟಿಂಗ್. ಉತ್ತರ ಮೂರರಲ್ಲಿ ಒಂದಾಗಿರುತ್ತದೆ.

‘ಮೆಡಿಕಲ್ ಹಿಸ್ಟರಿ ಡಿಸ್‌ರಿಗಾರ್ಡೆಡ್’ ಎಂದು ಬಂದರೆ ನಿಮ್ಮ ಅದೃಷ್ಟ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಇದನ್ನೇ ಕೊಳ್ಳುತ್ತವೆ. ಹಳೆಯ ಕಾಯಿಲೆಯ ಮಾತೇ ಇಲ್ಲ, ಕ್ರಾನಿಕ್ ನಿಯಮವೊಂದು ಉಳಿಯುತ್ತದೆ ಅಷ್ಟೆ. ಇಂಥ ಪಾಲಿಸಿಗೆ ಹೆದರಿ ಸುಳ್ಳು ಬರೆದರೆ ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ.

‘ಫುಲ್ ಮೆಡಿಕಲ್ ಅಂಡರ್‌ರೈಟಿಂಗ್’ ಎಂದರೆ ಪ್ರಶ್ನಾವಳಿ ಇರುತ್ತದೆ. ಎಲ್ಲ ಬರೆಯಿರಿ. ಕಂಪನಿ ಯಾವುದಕ್ಕೆ ಹಣ ಕೊಡುವುದಿಲ್ಲ ಎಂದು ಕಾಗದದಲ್ಲಿ ತಿಳಿಸುತ್ತದೆ. ಕಹಿಯಾದರೂ ಮೊದಲೇ ಗೊತ್ತಾಗುತ್ತದೆ. ನನಗೆ ಯಾವಾಗಲೂ ಇದೇ ಮೆಚ್ಚು.

‘ಮೊರಟೋರಿಯಂ’ ಎಂದರೆ ಹುಷಾರು. ಇದರಲ್ಲಿ ಪ್ರಶ್ನೆಯನ್ನೇ ಕೇಳುವುದಿಲ್ಲ, ಆದ್ದರಿಂದ ಎಲ್ಲರಿಗೂ ಇದು ಸಲೀಸು ಎನಿಸುತ್ತದೆ. ಪಾಲಿಸಿಗೆ ಮುಂಚಿನ ಐದು ವರ್ಷಗಳಲ್ಲಿ ಇದ್ದ ಯಾವ ತೊಂದರೆಗೂ ಸದ್ಯಕ್ಕೆ ರಕ್ಷಣೆ ಇಲ್ಲ. ಪಾಲಿಸಿ ಶುರುವಾದ ಮೇಲೆ ಎರಡು ವರ್ಷ ಸತತವಾಗಿ ಅದರ ಲಕ್ಷಣ, ಔಷಧ, ಸಲಹೆ ಏನೂ ಇಲ್ಲದೆ ಕಳೆದರೆ ಆಗ ಸೇರುತ್ತದೆ. ದಿನಾ ಬೆಳಿಗ್ಗೆ ಮಾತ್ರೆ ನುಂಗುವವರಿಗೆ ಆ ಎರಡು ವರ್ಷ ಶುರುವಾಗುವುದೇ ಇಲ್ಲ. ಜೊತೆಗೆ ಬಿಪಿ, ಕೊಲೆಸ್ಟ್ರಾಲ್ ಇದ್ದವರಿಗೆ ಮುಂದೆ ಹೃದಯದ ತೊಂದರೆ ಬಂದರೆ ಅದನ್ನು ‘ಸಂಬಂಧಪಟ್ಟ ಕಾಯಿಲೆ’ ಎಂದು ಕಂಪನಿ ಹಿಡಿದುಕೊಳ್ಳಬಹುದು. ಮಾತ್ರೆ ಬಿಟ್ಟು ಎರಡು ವರ್ಷ ಕಳೆಯುತ್ತೇನೆ ಎನ್ನುವ ಜಾಣರನ್ನೂ ಕಂಡಿದ್ದೇನೆ. ವಿಮೆಗಾಗಿ ರಕ್ತನಾಳವನ್ನು ಒತ್ತೆ ಇಡಬೇಡಿ.

ಮೂರರಲ್ಲಿ ಯಾವುದೇ ಇರಲಿ, ಹೊರಡುವ ಮೊದಲು ಕಾಗದಗಳನ್ನು ಕೂಡಿಸಿಟ್ಟುಕೊಳ್ಳಿ. ಇಸಿಜಿ, ಎಕೋ ವರದಿ, ರಕ್ತಪರೀಕ್ಷೆ, ಮಾತ್ರೆ ಶುರುವಾದ ತಾರೀಕು. ಔಷಧದ ಮೂಲ ಹೆಸರನ್ನು ಬರೆಸಿಕೊಳ್ಳಿ: ಟೆಲ್ಮಿಸಾರ್ಟನ್, ಅಟೋರ್ವಾಸ್ಟಾಟಿನ್, ಲೆವೊಥೈರಾಕ್ಸಿನ್, ಹೀಗೆ. ನಮ್ಮ ಮೆಡಿಕಲ್ ಸ್ಟೋರಿನ ಬ್ರ್ಯಾಂಡ್ ಹೆಸರು ರೆಡಿಂಗ್‌ನ ಜಿಪಿಗೆ ಅರ್ಥವಾಗುವುದಿಲ್ಲ. ‘ಹೃದಯ ಸಹಜವಾಗಿದೆ’ ಎಂಬ ಆ ಎಕೋ ವರದಿ, ನೀವು ಬರಿಯ ಹೆದರಿಕೆಯ ನೆನಪೆಂದು ಇಟ್ಟಿರುವ ಕಾಗದ, ಒಂದು ದಿನ ನಿಮ್ಮ ಪರವಾಗಿ ಸಾಕ್ಷಿ ಹೇಳಬಹುದು.

ವಿಮೆಯನ್ನು ಬಳಸುವ ಬಗೆ. ಇಲ್ಲಿ ನಮ್ಮವರು ಎಡವುವುದು ಒಂದೇ ಕಡೆ: ಮೊದಲು ಆಸ್ಪತ್ರೆ, ಆಮೇಲೆ ಬಿಲ್, ಆಮೇಲೆ ಕ್ಲೇಮ್ ಎಂದುಕೊಳ್ಳುತ್ತಾರೆ. ಅಲ್ಲಿ ಕ್ರಮ ತಲೆಕೆಳಗು. ಪತಿಗೆ ಭುಜ ನೋವು ಎಂದಿಟ್ಟುಕೊಳ್ಳಿ. ಜಿಪಿ ನೋಡಿ ತಜ್ಞರಿಗೆ ಪತ್ರ ಕೊಡುತ್ತಾರೆ. ಇಂಥ ಡಾಕ್ಟರ್ ಎಂದು ಹೆಸರು ಬರೆಸದೆ, ‘ಮೂಳೆ ತಜ್ಞರಿಗೆ’ ಎಂದಷ್ಟೇ ಇರುವ ತೆರೆದ ಪತ್ರ ಕೇಳಿ, ಹಲವು ಪಾಲಿಸಿಗಳಿಗೆ ಅದೇ ಬೇಕು. ಅಪಾಯಿಂಟ್‌ಮೆಂಟ್ ಮಾಡುವ ಮೊದಲು ವಿಮಾ ಕಂಪನಿಗೆ ಫೋನ್. ಅವರು ಒಪ್ಪಿಗೆಯ ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆ ಕೈಗೆ ಬರುವವರೆಗೆ ಯಾವ ಬಾಗಿಲನ್ನೂ ತಟ್ಟಬೇಡಿ. ಸ್ಕ್ಯಾನ್ ಎಂದರೆ ಮತ್ತೊಂದು ಫೋನ್, ಶಸ್ತ್ರಚಿಕಿತ್ಸೆ ಎಂದರೆ ಇನ್ನೊಂದು. ಪ್ರತಿ ಹೆಜ್ಜೆಗೂ ಬೇರೆ ಒಪ್ಪಿಗೆ, ಒಂದೇ ಸಂಖ್ಯೆಯಲ್ಲಿ ಊರೆಲ್ಲ ಸುತ್ತುವಂತಿಲ್ಲ.

ಫೋನಿನಲ್ಲಿ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ. ಈ ಆಸ್ಪತ್ರೆ ನಮ್ಮ ಪಟ್ಟಿಯಲ್ಲಿದೆಯೇ? ಲಂಡನ್ನಿನ ನಡುಮಧ್ಯದ ಹಲವು ಆಸ್ಪತ್ರೆಗಳು ಕಡಿಮೆ ದರದ ಪಾಲಿಸಿಗಳ ಪಟ್ಟಿಯಲ್ಲಿ ಇರುವುದಿಲ್ಲ. ಎಕ್ಸೆಸ್, ಅಂದರೆ ಮೊದಲು ನಾವೇ ಕೊಡಬೇಕಾದ ಪಾಲು, ಎಷ್ಟು, ಅದು ವರ್ಷಕ್ಕೊಮ್ಮೆಯೋ ಪ್ರತಿ ಕ್ಲೇಮಿಗೋ? ಹೊರರೋಗಿ ಚಿಕಿತ್ಸೆಯ ಮಿತಿಯಲ್ಲಿ ಇನ್ನೆಷ್ಟು ಉಳಿದಿದೆ? ತಜ್ಞರೂ ಅರಿವಳಿಕೆ ವೈದ್ಯರೂ ನಿಮ್ಮ ದರಕ್ಕೆ ಒಪ್ಪಿದವರೇ?

ಕೊನೆಯ ಪ್ರಶ್ನೆಗೆ ನನ್ನ ಎಡ ಭುಜ ಸಾಕ್ಷಿ. ಜನವರಿಯ ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಬಳಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದೆ. ಕ್ಲೇಮ್ ವಿಭಾಗದಲ್ಲೇ ಕೆಲಸ, ಎಲ್ಲ ಗೊತ್ತು ಎಂಬ ಗತ್ತು. ಆಸ್ಪತ್ರೆಗೆ ಒಪ್ಪಿಗೆ ಪಡೆದೆ, ಶಸ್ತ್ರಚಿಕಿತ್ಸಕರಿಗೂ ಪಡೆದೆ. ಐದು ವಾರದ ನಂತರ ಒಂದು ಲಕೋಟೆ ಬಂತು: ಅರಿವಳಿಕೆ ವೈದ್ಯರ ಶುಲ್ಕದಲ್ಲಿ ವಿಮೆ ಕೊಡದೆ ಉಳಿದದ್ದು 85 ಪೌಂಡ್. ಅವರ ಮುಖ ನಾನು ನೋಡಿದ್ದು ಹತ್ತು ಸೆಕೆಂಡ್, ಆಮೇಲೆ ನಿದ್ದೆ. ದಿನಾ ಬೇರೆಯವರಿಗೆ ಹೇಳುತ್ತಿದ್ದ ಪ್ರಶ್ನೆಯನ್ನು ನಾನೇ ಕೇಳಿರಲಿಲ್ಲ. ಸಹೋದ್ಯೋಗಿಗಳು ವರ್ಷವಿಡೀ ಅದನ್ನು ನೆನಪಿಸಿದರು.

ಮಿತಿಗಳ ಲೆಕ್ಕ ಹೇಗೆ ಕೂಡುತ್ತದೆ ಎಂಬುದಕ್ಕೆ ಊಹೆಯ ಅಂಕಿಗಳಲ್ಲಿ ಒಂದು ಉದಾಹರಣೆ. ಎಕ್ಸೆಸ್ 150 ಪೌಂಡ್, ಹೊರರೋಗಿ ಮಿತಿ 1,000. ತಜ್ಞರ ಮೊದಲ ಭೇಟಿ 250, ಸ್ಕ್ಯಾನ್ 450, ಎರಡನೇ ಭೇಟಿ 180, ಆರು ಸಲ ಫಿಸಿಯೋಥೆರಪಿ 360. ಒಟ್ಟು 1,240. ಮೊದಲ 150 ನಿಮ್ಮದು. ಉಳಿದ 1,090ರಲ್ಲಿ ಕಂಪನಿ ಸಾವಿರಕ್ಕೆ ನಿಲ್ಲುತ್ತದೆ. ಮತ್ತೆ 90 ನಿಮ್ಮದು. ‘ಪೂರ್ತಿ ವಿಮೆ ಇದೆ’ ಎಂದುಕೊಂಡವರ ಕೈಯಿಂದ 240 ಪೌಂಡ್ ಹೋಯಿತು. ಕೆಲವು ಪಾಲಿಸಿಗಳು ಸ್ಕ್ಯಾನನ್ನು ಈ ಮಿತಿಯಿಂದ ಹೊರಗಿಡುತ್ತವೆ, ಅಂಥದ್ದಾದರೆ ನಿಮಗೆ ಒಳ್ಳೆಯದು. ‘ಆರು ವಾರದ ಷರತ್ತು’ ಎಂಬುದೊಂದು ಇದ್ದರೂ ನೋಡಿಕೊಳ್ಳಿ. ಒಳರೋಗಿ ಚಿಕಿತ್ಸೆ ಎನ್‌ಎಚ್‌ಎಸ್‌ನಲ್ಲಿ ಆರು ವಾರದೊಳಗೆ ಸಿಗುವಂತಿದ್ದರೆ ಅಲ್ಲಿಗೇ ಹೋಗಿ ಎನ್ನುವ ಅಗ್ಗದ ಪಾಲಿಸಿ ಅದು.

ಕಂಪನಿ ಕೊಡುವ ವಿಮೆ ಪುಕ್ಕಟೆ ಅಲ್ಲ ಎಂಬುದೂ ತಿಳಿದಿರಲಿ. ಕಂಪನಿ ನಿಮಗಾಗಿ ಕಟ್ಟುವ ಕಂತನ್ನು ಸಂಬಳದ ಭಾಗವೆಂದೇ ಲೆಕ್ಕ ಹಾಕಿ ತೆರಿಗೆ ಹಿಡಿಯುತ್ತಾರೆ. ಮೂವರಿಗೆ ವರ್ಷಕ್ಕೆ 1,500 ಪೌಂಡ್ ಕಂತು ಎಂದಾದರೆ, ಶೇಕಡಾ 20ರ ತೆರಿಗೆಯವರಿಗೆ 300, ಶೇಕಡಾ 40ರವರಿಗೆ 600 ಪೌಂಡ್ ಸಂಬಳದಿಂದ ಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಪತಿ ಮತ್ತು ನೀವು ಸೇರಿಕೊಳ್ಳಿ. ಮಗಳನ್ನು ಸೇರಿಸುವ ಮೊದಲು ಅವಳ ಪಾಲಿನ ಕಂತು ಎಷ್ಟೆಂದು ಕೇಳಿ ನಿರ್ಧರಿಸಿ. ಆರು ವರ್ಷದ ಮಗುವಿಗೆ ಬರುವ ಜ್ವರ, ಕಿವಿನೋವು, ಬಿದ್ದ ಗಾಯಕ್ಕೆಲ್ಲ ಜಿಪಿ ಮತ್ತು ಎನ್‌ಎಚ್‌ಎಸ್ ಸಾಕು. ಆದ್ದರಿಂದ ರೆಡಿಂಗ್ ತಲುಪಿದ ಮೊದಲ ವಾರ ಮಾಡಬೇಕಾದ ಕೆಲಸ ಜಿಪಿ ನೋಂದಣಿ. ವಿಳಾಸದ ದಾಖಲೆ ಇಲ್ಲ ಎಂದು ಕ್ಲಿನಿಕ್ಕಿನವರು ವಾಪಸು ಕಳುಹಿಸಿದರೆ, ಅದು ಕಡ್ಡಾಯವಲ್ಲ ಎಂದು ಮೆತ್ತಗೆ ಹೇಳಿ.

ಕ್ಲೇಮ್ ನಿರಾಕರಿಸಿದರೆ ಸುಮ್ಮನಾಗಬೇಡಿ. ಮೊದಲು ವಿಮಾ ಕಂಪನಿಗೇ ಲಿಖಿತ ದೂರು. ಎಂಟು ವಾರದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಫೈನಾನ್ಷಿಯಲ್ ಒಂಬುಡ್ಸ್‌ಮನ್, ಅಂದರೆ ಇಂಥ ದೂರುಗಳನ್ನು ತೀರ್ಮಾನಿಸುವ ಸ್ವತಂತ್ರ ಸಂಸ್ಥೆಯ ಬಳಿಗೆ ಹೋಗಬಹುದು, ಕಂಪನಿಯ ಅಂತಿಮ ಪತ್ರ ಬಂದ ಆರು ತಿಂಗಳೊಳಗೆ. ಖರ್ಚಿಲ್ಲ, ವಕೀಲರೂ ಬೇಡ. ಒಂಬುಡ್ಸ್‌ಮನ್ ಪತ್ರ ಬಂದ ದಿನ ನಮ್ಮ ಕಚೇರಿಯಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಿದ್ದರು, ಇಷ್ಟು ಹೇಳಿದರೆ ಸಾಕು.

ಇಲ್ಲಿನ ಪಾಲಿಸಿಯನ್ನು ನಿಲ್ಲಿಸಬೇಡಿ. ಅಲ್ಲಿನ ಖಾಸಗಿ ವಿಮೆ ಸಾಮಾನ್ಯವಾಗಿ ಬ್ರಿಟನ್ನಿನೊಳಗಿನ ಚಿಕಿತ್ಸೆಗೆ ಮಾತ್ರ. ಹಬ್ಬಕ್ಕೆ ಹಾಸನಕ್ಕೆ ಬಂದಾಗ ಅಪೆಂಡಿಕ್ಸ್ ಕೆರಳಿದರೆ ನೆರವಿಗೆ ಬರುವುದು ಇಲ್ಲಿನದೇ. ಅದಕ್ಕಿಂತ ದೊಡ್ಡ ಕಾರಣ ನೀವು ಕಾದು ಗಳಿಸಿದ ವರ್ಷಗಳು. 2024ರ ನಿಯಮದಂತೆ ಹಳೆಯ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ. ಸತತ ಐದು ವರ್ಷ ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದರೆ ಹೊರತು, ‘ನೀವು ಮುಚ್ಚಿಟ್ಟಿದ್ದಿರಿ’ ಎಂದು ಕ್ಲೇಮ್ ನಿರಾಕರಿಸುವಂತಿಲ್ಲ. ಒಮ್ಮೆ ಕಡಿದರೆ ಇದೆಲ್ಲ ಸೊನ್ನೆಯಿಂದ ಶುರು, ಅದೂ ಬಿಪಿ ಅಂಟಿದ ವಯಸ್ಸಿನಲ್ಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ. ನಿಮ್ಮದು ಪತಿಯ ಹಳೆಯ ಕಂಪನಿಯ ಗುಂಪು ಪಾಲಿಸಿಯಾಗಿದ್ದರೆ, ರಾಜೀನಾಮೆಯ ದಿನ ದಾಟುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಕೇಳಿ.

ಇನ್ನು ಅತ್ತೆ ಮಾವ. ನಿಮ್ಮ ಪತ್ರದಲ್ಲಿ ಒಂದೇ ಸಾಲು ಅವರಿಗೆ ಸಿಕ್ಕಿದೆ, ಆದರೆ ಹಣದ ಅಪಾಯ ಹೆಚ್ಚಿರುವುದು ಅಲ್ಲೇ. ಪ್ರವಾಸಿ ವೀಸಾದವರು ಸರ್‌ಚಾರ್ಜ್ ಕಟ್ಟುವುದಿಲ್ಲ, ಆದ್ದರಿಂದ ನಿಮಗಿರುವ ಹಕ್ಕು ಅವರಿಗಿಲ್ಲ. ಜಿಪಿ ನೋಡುವುದಕ್ಕೆ ಹಣವಿಲ್ಲ. ತುರ್ತು ವಿಭಾಗದಲ್ಲಿ ನೋಡುವುದಕ್ಕೂ ಇಲ್ಲ. ಅಲ್ಲಿಂದ ವಾರ್ಡಿಗೆ ದಾಖಲು ಮಾಡಿದ ಗಳಿಗೆಯಿಂದ ಲೆಕ್ಕ ಓಡತೊಡಗುತ್ತದೆ, ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. 500 ಪೌಂಡ್ ಅಥವಾ ಹೆಚ್ಚು ಬಾಕಿ ಎರಡು ತಿಂಗಳು ತೀರಿಸದೆ ಉಳಿದರೆ ಬ್ರಿಟನ್ನಿನ ಗೃಹ ಇಲಾಖೆಗೆ ವರದಿಯಾಗಿ ಮುಂದಿನ ವೀಸಾಕ್ಕೆ ತೊಡಕಾಗಬಹುದು. ನಿಮ್ಮ ಕಂಪನಿಯ ವಿಮೆಗೆ ಅವರನ್ನು ಸೇರಿಸಲು ಬರುವುದಿಲ್ಲ. ಮಾವನಿಗೆ ಎಪ್ಪತ್ತು ದಾಟಿದೆ ಎಂದು ಆಯುಷ್ಮಾನ್ ಕಾರ್ಡ್ ಮಾಡಿಸಿದ್ದರೆ ಅದರ ಐದು ಲಕ್ಷ ಇಲ್ಲಿನ ಆಸ್ಪತ್ರೆಗಳಿಗೆ ಮಾತ್ರ.

ಆದ್ದರಿಂದ ಅವರಿಗೆ ಭಾರತದಿಂದಲೇ, ವಿಮಾನ ಹತ್ತುವ ಮೊದಲೇ ಪ್ರವಾಸ ವಿಮೆ ಕೊಳ್ಳಿ. ಸಕ್ಕರೆ ಕಾಯಿಲೆಯನ್ನು ಬರೆಸಿ, ಮೇಲೆ ಹೇಳಿದ ಕಥೆಯೇ ಇಲ್ಲಿಯೂ. ಪಾಲಿಸಿಯ ಒಟ್ಟು ಮೊತ್ತದ ದೊಡ್ಡ ಅಕ್ಷರ ನೋಡಿ ಮರುಳಾಗಬೇಡಿ. ಹಳೆಯ ಕಾಯಿಲೆಯಿಂದ ಜೀವಕ್ಕೆ ಅಪಾಯವಾದಾಗ ಎಷ್ಟು ಕೊಡುತ್ತಾರೆ, ಎಪ್ಪತ್ತು ದಾಟಿದವರಿಗೆ ಆಸ್ಪತ್ರೆ ಕೋಣೆಗೆ, ಶಸ್ತ್ರಚಿಕಿತ್ಸೆಗೆ ಬೇರೆ ಒಳಮಿತಿ ಇದೆಯೇ ಎಂಬ ಸಣ್ಣ ಅಕ್ಷರದ ಸಾಲು ಹುಡುಕಿ. ನಡುವೆ ಪ್ಯಾರಿಸ್ ತೋರಿಸುವ ಆಸೆ ಇದ್ದರೆ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆ ಬೇಕು, ಎರಡೂ ಒಂದೇ ಪಾಲಿಸಿಯಲ್ಲಿ ಬರುವಂತೆ ನೋಡಿ. ತೋಟದವರಾದರೆ ಕಾಫಿ ಹೂವರಳಿಸುವ ಹೂಮಳೆ ನೋಡಿಕೊಂಡು ಹೊರಡುವ ದಿನವನ್ನು ಮುಂದೆ ಹಾಕುವುದು ನಮ್ಮಲ್ಲಿ ಮಾಮೂಲು. ಟಿಕೆಟ್ ಬದಲಾಯಿಸಿದ ದಿನವೇ ವಿಮೆಯ ತಾರೀಕನ್ನೂ ಬದಲಾಯಿಸಿ. ಮಾವನ ಮಾತ್ರೆಗಳು ನಾಲ್ಕು ತಿಂಗಳಿಗೆ ಆಗಿ ಹದಿನೈದು ದಿನಕ್ಕೆ ಉಳಿಯುವಷ್ಟು, ವೈದ್ಯರ ಚೀಟಿಯ ಸಮೇತ, ಕೈಚೀಲದಲ್ಲೇ ಇರಲಿ.